ಮೊದಲ ಸಲ ಟೀಮ್ ಲೀಡ್ ಆದವರಿಗೆ: ದೊಡ್ಡ ಟೆಕ್ ಮುಖ್ಯಸ್ಥರಿಂದ ಏನು ಕಲಿಯಬೇಕು, ಎಲ್ಲಿಂದ ಶುರು ಮಾಡಬೇಕು

ಏಪ್ರಿಲ್ ಹೊತ್ತಿಗೆ ಅಪ್ರೈಸಲ್ ಪತ್ರ ಕೈಗೆ ಬರುತ್ತಿದ್ದ ಹಾಗೆ ಪುಣೆಯ ಕನ್ನಡದವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಿಂಜವಡಿಯವರು ಕೇಳುತ್ತಾರೆ, ಖರಾಡಿಯವರು ಕೇಳುತ್ತಾರೆ, ಚಾಕಣದ ಕಾರ್ಖಾನೆಗಳಲ್ಲಿ ಐಟಿ ನೋಡಿಕೊಳ್ಳುವವರೂ ಕೇಳುತ್ತಾರೆ. "ಮೊನ್ನೆವರೆಗೂ ಕೋಡ್ ಬರೀತಿದ್ದೆ, ಈಗ ಎಂಟು ಜನರನ್ನ ಕೊಟ್ಟು ನೀನೇ ಲೀಡ್ ಅಂದಿದ್ದಾರೆ. ಏನ್ ಮಾಡ್ಲಿ? ಯಾರನ್ನ ನೋಡಿ ಕಲೀಲಿ?"

ದೊಡ್ಡವರ ಮಾತುಗಳು ಫೋನಿಗೆ ದಿನಾ ಬಂದು ಬೀಳುತ್ತವೆ. ದೂರದೃಷ್ಟಿ ಇರಬೇಕು, ಧೈರ್ಯ ಇರಬೇಕು, ಜನರನ್ನು ನಂಬಬೇಕು. ಎಲ್ಲ ಸರಿಯೇ. ಆದರೆ ಸೋಮವಾರ ಬೆಳಿಗ್ಗೆ ಟೀಮ್ ಎದುರು ಕೂತಾಗ ಅದರಿಂದ ಏನೂ ಗಿಟ್ಟುವುದಿಲ್ಲ. ನೀವು ನೋಡಬೇಕಾದ್ದು ಅವರು ಆಫೀಸಿನಲ್ಲಿ ಯಾವ ಪದ್ಧತಿ ಹಾಕಿದರು ಅನ್ನೋದನ್ನ. ವಾರದ ಮೀಟಿಂಗ್ ಹೇಗೆ ನಡೆಸಿದರು, ಏನಾದರೂ ಕೆಟ್ಟಾಗ ಮೊದಲ ದಿನ ಏನು ಮಾಡಿದರು, ಯಾವ ಕೆಲಸದ ಎದುರು ಯಾರ ಹೆಸರು ಬರೆಸಿದರು. ಕಾರು, ಚಿಪ್, ರೈಲು, ಬ್ಯಾಂಕು, ಯಾವ ಕ್ಷೇತ್ರ ತಗೊಂಡರೂ ಚೆನ್ನಾಗಿ ನಡೆಸಿದವರ ಪದ್ಧತಿಗಳೆಲ್ಲ ಒಂದೇ ಕಡೆಗೆ ಹೋಗುತ್ತವೆ: ಕೆಟ್ಟ ಸುದ್ದಿ ಬೇಗ ಕಿವಿಗೆ ಬೀಳಬೇಕು, ಸರಿ ಮಾಡೋಕೆ ಇನ್ನೂ ಟೈಮ್ ಇರುವಾಗಲೇ ಬೀಳಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಸಾಫ್ಟ್‌ವೇರ್‌ನವರು ಕಾರಿನವರಿಂದ, ರೈಲಿನವರಿಂದ ಕಲಿತು ಏನು ಉಪಯೋಗ ಅಂತ ಕೆಲವರು ಕೇಳುತ್ತಾರೆ. ಟಿಸಿಎಸ್ ಕಟ್ಟಿದ ಎಫ್.ಸಿ. ಕೊಹ್ಲಿ ಅದಕ್ಕೂ ಮೊದಲು ಮುಂಬೈಯ ಟಾಟಾ ವಿದ್ಯುತ್ ಕಂಪನಿಯಲ್ಲಿದ್ದವರು. ವಿದ್ಯುತ್ ಜಾಲ ನಿಭಾಯಿಸೋಕೆ ಅಲ್ಲಿ ಕಂಪ್ಯೂಟರ್ ತಂದು ಬಳಸಿದವರು. ಫೋರ್ಡ್ ಕಂಪನಿಯನ್ನು ಎತ್ತಿ ನಿಲ್ಲಿಸಿದ ಅಲನ್ ಮುಲಾಲಿ ಬಂದದ್ದು ಬೋಯಿಂಗ್‌ನಿಂದ, ವಿಮಾನ ಮಾಡುತ್ತಿದ್ದವರು. ಹೊರಗಿನಿಂದ ಬಂದವರು, ಒಳಗಿನವರು ಕೇಳೋದನ್ನೇ ಬಿಟ್ಟ ಪ್ರಶ್ನೆ ಕೇಳುತ್ತಾರೆ.

ಶುರು ಮಾಡುವ ಮೊದಲು ಏನು ಬೇಕು

ಒಂದು ನೋಟ್‌ಬುಕ್. ಟೀಮಿನ ಪ್ರತಿಯೊಬ್ಬರಿಗೂ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ. ಎಲ್ಲರೂ ನೋಡಬಹುದಾದ ಒಂದು ಎಕ್ಸೆಲ್ ಹಾಳೆ. ಮತ್ತೆ ನಿಮ್ಮ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಮಾತಾಡಿ ಒಂದು ಒಪ್ಪಿಗೆ ತಗೊಳ್ಳಿ: "ನನ್ನ ಟೀಮಿಂದ ಇನ್ಮೇಲೆ ತೊಂದರೆಗಳು ಬೇಗ ಕಾಣಿಸ್ತವೆ, ಶುರುವಲ್ಲಿ ಜಾಸ್ತಿ ಅನ್ನಿಸಬಹುದು, ಗಾಬರಿ ಆಗ್ಬೇಡಿ." ಈ ಮಾತು ಮುಂಚೆಯೇ ಆಡದೆ ಶುರು ಮಾಡಿದರೆ ಎರಡನೇ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಎಲ್ಲ ಹಂತಗಳನ್ನೂ ಒಂದೇ ವಾರ ಶುರು ಮಾಡಬೇಡಿ. ಮೂರು ತಿಂಗಳು ಇಟ್ಟುಕೊಳ್ಳಿ.

ಹಂತ 1: ಮೊದಲ ಎರಡು ವಾರ ಸುಮ್ನೆ ಕೇಳಿ

ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿ. ಆಫೀಸಿನಲ್ಲಿ ಇದಕ್ಕೆ ಒನ್-ಆನ್-ಒನ್ ಅನ್ನುತ್ತಾರೆ, ಅಂದರೆ ಲೀಡ್ ಮತ್ತು ಟೀಮಿನ ಒಬ್ಬರು, ಇಬ್ಬರೇ ಕೂರುವ ನಿಗದಿತ ಭೇಟಿ. ಚಿಪ್ ಮಾಡುವ ಇಂಟೆಲ್ ಕಂಪನಿ ನಡೆಸಿದ ಆಂಡಿ ಗ್ರೋವ್ ಇದಕ್ಕೆ ತುಂಬ ಬೆಲೆ ಕೊಟ್ಟವರು. ಅವರ ಪದ್ಧತಿಯಲ್ಲಿ ಮುಖ್ಯವಾದ್ದು ಏನಂದರೆ, ಈ ಭೇಟಿ ಕೈಕೆಳಗಿನವರದ್ದು. ಏನು ಮಾತಾಡಬೇಕು ಅಂತ ಅವರೇ ಬರೆದುಕೊಂಡು ಬರಬೇಕು. ನೀವು ಕೇಳಬೇಕು, ಬರೆದುಕೊಳ್ಳಬೇಕು.

ಅವರು ಸುಮ್ಮನೆ ಕೂತರೆ ಈ ಮೂರು ಕೇಳಿ. ಈಗ ನಿಮ್ಮ ಕೆಲಸಕ್ಕೆ ಅಡ್ಡ ಬರ್ತಿರೋದು ಏನು? ನಮ್ಮ ಪ್ರಾಜೆಕ್ಟಲ್ಲಿ ಯಾವುದು ಒಡೀಬಹುದು ಅಂತ ನಿಮಗೆ ಭಯ ಇದೆ? ನಾನು ಮಾಡ್ತಿರೋದ್ರಲ್ಲಿ ಯಾವುದು ನಿಲ್ಲಿಸ್ಬೇಕು? ಮೂರನೇ ಪ್ರಶ್ನೆಗೆ ಮೊದಲ ಸಲ ಯಾರೂ ಉತ್ತರ ಕೊಡುವುದಿಲ್ಲ. ಮೂರನೇ ಭೇಟಿಯಲ್ಲಿ ಕೊಡುತ್ತಾರೆ, ಮೊದಲ ಎರಡರಲ್ಲಿ ಅವರು ಹೇಳಿದ ಒಂದಾದರೂ ಅಡ್ಡಿ ನೀವು ತೆಗೆದಿದ್ದರೆ.

ಜನ ಎಡವುವುದು ಇಲ್ಲಿ. ಭೇಟಿ ಸ್ಟೇಟಸ್ ವಿಚಾರಣೆ ಆಗಿಬಿಡುತ್ತದೆ, "ಆ ಟಿಕೆಟ್ ಮುಗೀತಾ, ಈ ಟಿಕೆಟ್ ಎಲ್ಲಿಗೆ ಬಂತು" ಅಂತ. ಟಿಕೆಟ್ ಅಂದರೆ ಒಬ್ಬರಿಗೆ ಒಪ್ಪಿಸಿದ ಒಂದೊಂದು ಕೆಲಸದ ದಾಖಲೆ. ಅದಕ್ಕೆ ಸ್ಟ್ಯಾಂಡ್-ಅಪ್ ಇದೆ, ದಿನಾ ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಎಲ್ಲರೂ ಸೇರುವ ಚಿಕ್ಕ ಸಭೆ. ಇನ್ನೊಂದು, ಕೆಲಸ ಜಾಸ್ತಿ ಆದ ವಾರ ಈ ಭೇಟಿ ಮೊದಲು ರದ್ದಾಗುತ್ತದೆ. ಕೆಲಸ ಜಾಸ್ತಿ ಆದ ವಾರವೇ ಇದು ಬೇಕಾಗಿರೋದು. ಟಪರಿಯಲ್ಲಿ ಚಹಾ ಕುಡೀತಾ ಮಾತಾಡಿದರೂ ನಡೆಯುತ್ತದೆ, ಎಷ್ಟೋ ಸಲ ಅಲ್ಲೇ ಜನ ಬಾಯಿ ಬಿಡುತ್ತಾರೆ. ಸಂಬಳ, ಬಡ್ತಿ, ಮನೆಯ ಕಷ್ಟ ಇಂಥವು ಮಾತ್ರ ಬಾಗಿಲು ಹಾಕಿದ ಕೋಣೆಯಲ್ಲಿ.

ನಮ್ಮವರಿಗೆ ಒಂದು ವಿಶೇಷ ಎಚ್ಚರಿಕೆ. ಟೀಮಿನಲ್ಲಿ ಇನ್ನೊಬ್ಬರು ಕನ್ನಡದವರು ಇದ್ದರೆ ಖುಷಿಯಾಗುತ್ತದೆ, ಹುಬ್ಬಳ್ಳಿಯವರೋ ವಿಜಯಪುರದವರೋ ಆಗಿದ್ದರಂತೂ ಕೇಳೋದೇ ಬೇಡ. ಊಟದ ಹೊತ್ತಿಗೆ ಕನ್ನಡದಲ್ಲೇ ಮಾತಾಡಿ, ತಪ್ಪೇನಿಲ್ಲ. ಆದರೆ ಕೆಲಸದ ವಿಷಯ ಬಂದಾಗ, ಪಕ್ಕದಲ್ಲಿ ಮರಾಠಿ, ತೆಲುಗು ಹುಡುಗರು ಕೂತಿದ್ದಾಗ, ಎಲ್ಲರಿಗೂ ತಿಳಿಯುವ ಭಾಷೆಗೆ ಬನ್ನಿ. ಒಬ್ಬರ ಜೊತೆ ಮಾತ್ರ ನಿಮ್ಮ ಗುಟ್ಟು ನಡೆಯುತ್ತದೆ ಅಂತ ಉಳಿದವರಿಗೆ ಒಮ್ಮೆ ಅನ್ನಿಸಿತು ಅಂದರೆ ಅವರಿಂದ ಕೆಟ್ಟ ಸುದ್ದಿ ಬರೋದು ನಿಂತೇ ಹೋಗುತ್ತದೆ.

ಕೋಡ್ ಬರೆಯೋದು ಬಿಡಬೇಕಾ ಅಂತ ಇದೇ ಹಂತದಲ್ಲಿ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಏನಿರುತ್ತದೆ ಅಂತ ಗೂಗಲ್ ತನ್ನೊಳಗೇ ಒಂದು ಅಧ್ಯಯನ ಮಾಡಿತ್ತು, ಪ್ರಾಜೆಕ್ಟ್ ಆಕ್ಸಿಜನ್ ಅಂತ. ಮೊದಲು ಬಂದ ಪಟ್ಟಿಯಲ್ಲಿ ಎಂಟು ಗುಣಗಳಿದ್ದವು. ತಾಂತ್ರಿಕ ಜ್ಞಾನ ಎಂಟನೆಯದು, ಜನರನ್ನು ತಿದ್ದಿ ಬೆಳೆಸೋದು ಮೊದಲನೆಯದು. ಎಂಟನೆಯದೂ ಪಟ್ಟಿಯಲ್ಲಿತ್ತು ಅನ್ನೋದನ್ನ ಮರೆಯಬೇಡಿ. ಕೋಡ್ ಓದುತ್ತಿರಿ, ರಿವ್ಯೂ ಮಾಡುತ್ತಿರಿ, ಅಂದರೆ ಬೇರೆಯವರು ಬರೆದದ್ದನ್ನು ಪರಿಶೀಲಿಸುತ್ತಿರಿ. ಟೀಮಿನಲ್ಲಿ ಎಲ್ಲರಿಗಿಂತ ಕಷ್ಟದ ಭಾಗವನ್ನು ನೀವೇ ಇಟ್ಟುಕೊಳ್ಳೋದು ಮಾತ್ರ ಬಿಡಿ, ಯಾಕಂದರೆ ನೀವು ಅದರಲ್ಲಿ ಮುಳುಗಿದ್ದಾಗ ಬಂದು ಮಾತಾಡಿಸೋಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಹಂತ 2: ಕೆಂಪು ಬಣ್ಣಕ್ಕೆ ಜಾಗ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ನಿಧಾನವಾಗಿ ಓದಿ.

ಮುಲಾಲಿ 2006ರಲ್ಲಿ ಫೋರ್ಡ್‌ಗೆ ಬಂದಾಗ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು, ಆ ಒಂದೇ ವರ್ಷದ ನಷ್ಟ 12 ಬಿಲಿಯನ್ ಡಾಲರ್‌ಗಿಂತ ಜಾಸ್ತಿ. ಅವರು ಪ್ರತಿ ಗುರುವಾರ ಒಂದು ಸಭೆ ಶುರು ಮಾಡಿದರು. ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ಕೆಲಸಗಳ ಚಾರ್ಟ್ ತರಬೇಕು. ಸರಿಯಾಗಿ ನಡೀತಿದ್ದರೆ ಹಸಿರು, ಅನುಮಾನ ಇದ್ದರೆ ಹಳದಿ, ತಪ್ಪಿದ್ದರೆ ಕೆಂಪು. ಮೊದಲ ವಾರಗಳಲ್ಲಿ ಗೋಡೆ ತುಂಬ ಹಸಿರೇ ಹಸಿರು. ಇಷ್ಟು ದುಡ್ಡು ಕಳೆದುಕೊಳ್ಳುತ್ತಿದ್ದೇವೆ, ಸರಿ ಇಲ್ಲದ್ದು ಒಂದೂ ಇಲ್ವಾ ಅಂತ ಮುಲಾಲಿ ಕೇಳಿದರು. ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಆ ಕಂಪನಿಯಲ್ಲಿ ತೊಂದರೆ ಒಪ್ಪಿಕೊಂಡವರಿಗೆ ಒಳ್ಳೆಯದಾದ ಉದಾಹರಣೆಯೇ ಇರಲಿಲ್ಲ.

ಆಗ ಅಮೆರಿಕ ವಿಭಾಗದ ಮುಖ್ಯಸ್ಥ ಮಾರ್ಕ್ ಫೀಲ್ಡ್ಸ್ ಒಂದು ಕೆಂಪು ತಂದರು. ಕೆನಡಾದ ಓಕ್‌ವಿಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಎಡ್ಜ್ ಕಾರಿನ ಹಿಂಬಾಗಿಲಲ್ಲಿ ದೋಷ ಕಂಡಿತ್ತು, ಕಾರುಗಳನ್ನು ಹೊರಗೆ ಕಳಿಸೋದನ್ನ ಅವರು ತಡೆದಿದ್ದರು. ಕೋಣೆ ತಣ್ಣಗಾಯಿತು. ಇವರ ಕಥೆ ಮುಗೀತು ಅಂತ ಉಳಿದವರು ಅಂದುಕೊಂಡರು. ಮುಲಾಲಿ ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಿದ್ದು ಒಂದೇ, ಇವರಿಗೆ ಯಾರು ಸಹಾಯ ಮಾಡಬಹುದು ಅಂತ. ಕೂತಲ್ಲಿಂದಲೇ ಒಬ್ಬೊಬ್ಬರು ಕೈ ಎತ್ತಿದರು. ಮುಂದಿನ ವಾರಗಳಲ್ಲಿ ಚಾರ್ಟುಗಳಿಗೆ ಎಲ್ಲ ಬಣ್ಣವೂ ಬಂತು. ಇದೇ ಫೀಲ್ಡ್ಸ್ 2014ರಲ್ಲಿ ಮುಲಾಲಿ ನಂತರ ಕಂಪನಿಯ ಮುಖ್ಯಸ್ಥರಾದರು.

ನಿಮ್ಮ ಟೀಮಿನಲ್ಲಿ ಇದನ್ನು ಹೀಗೆ ಮಾಡಿ. ಒಂದು ಹಾಳೆ, ಪ್ರತಿ ಕೆಲಸಕ್ಕೂ ಒಂದು ಸಾಲು. ಬಣ್ಣಗಳ ಅರ್ಥವನ್ನು ಮೊದಲ ದಿನವೇ ಬರೆದಿಡಿ, ಇಲ್ಲದಿದ್ದರೆ ಒಬ್ಬೊಬ್ಬರ ಹಸಿರು ಒಂದೊಂದು ಥರ ಇರುತ್ತದೆ. ಹಸಿರು ಅಂದರೆ ಹೇಳಿದ ದಿನಕ್ಕೆ ಮುಗಿಯುತ್ತದೆ, ಯಾರ ಸಹಾಯವೂ ಬೇಡ. ಹಳದಿ ಅಂದರೆ ಒಂದು ವಿಷಯ ಇತ್ಯರ್ಥ ಆಗಬೇಕು, ಆ ವಿಷಯ ಏನು ಅಂತ ಪಕ್ಕದಲ್ಲಿ ಬರೆಯಬೇಕು. ಕೆಂಪು ಅಂದರೆ ಈಗಿನ ಲೆಕ್ಕದಲ್ಲಿ ದಿನ ತಪ್ಪುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ, ಹಸಿರಿನ ಬಗ್ಗೆ ಮಾತೇ ಬೇಡ, ಹಳದಿ ಕೆಂಪು ಮಾತ್ರ.

ಮೊದಲ ಕೆಂಪು ಬರುವ ದಿನ ನಿಮ್ಮ ಮುಖವನ್ನು ಎಲ್ಲರೂ ನೋಡುತ್ತಿರುತ್ತಾರೆ. ಆ ದಿನ ಏನು ಹೇಳಬೇಕು ಅಂತ ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. "ಈಗಲೇ ಹೇಳಿದ್ದು ಒಳ್ಳೇದಾಯ್ತು. ಏನು ಬೇಕು? ಯಾರು ಕೈ ಹಾಕ್ತೀರಿ?" ಇಷ್ಟೇ. "ಮೊದಲೇ ಯಾಕೆ ಹೇಳಲಿಲ್ಲ" ಅನ್ನೋ ಪ್ರಶ್ನೆ ಬಾಯಿಗೆ ಬಂದೇ ಬರುತ್ತದೆ, ಅದನ್ನು ಆ ಸಭೆಯಲ್ಲಿ ಕೇಳಬೇಡಿ. ಅದೊಂದನ್ನು ಕೇಳಿದಿರೋ, ಮುಂದಿನ ಆರು ತಿಂಗಳು ಹಸಿರೇ ಗತಿ.

ಇಲ್ಲಿಯ ದೊಡ್ಡ ಗುಂಡಿ ಅಂದರೆ ಐಟಿಯವರು ಕಲ್ಲಂಗಡಿ ಸ್ಟೇಟಸ್ ಅಂತ ಕರೆಯೋದು, ಹೊರಗೆ ಹಸಿರು, ಕೊಯ್ದರೆ ಕೆಂಪು. ನಮ್ಮ ಕಡೆ ಇದು ಜಾಸ್ತಿ, ಅದಕ್ಕೆ ಕಾರಣ ಸುಳ್ಳು ಹೇಳುವ ಚಟ ಏನಲ್ಲ. ದೊಡ್ಡವರ ಎದುರು ಆಗಲ್ಲ ಅನ್ನಬಾರದು ಅಂತ ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದಿದ್ದೇವೆ. ಕೆಲಸ ಮುಗಿಯುತ್ತಾ ಅಂತ ಕೇಳಿದರೆ ಹಿಂದಿಯಲ್ಲಿ "ಹೋ ಜಾಯೇಗಾ ಸರ್", ನಮ್ಮ ಧಾರವಾಡದವರಾದರೆ "ಆಗ್ತದ ಬಿಡ್ರಿ ಸರ". ಹಾಗಾಗಿ "ಆಗುತ್ತಾ" ಅಂತ ಕೇಳೋದೇ ಬಿಡಿ. "ಏನೇನು ಉಳಿದಿದೆ, ತೋರಿಸಿ" ಅನ್ನಿ. "ಇದು ತಪ್ಪಿದರೆ ಯಾವುದರಿಂದ ತಪ್ಪಬಹುದು" ಅನ್ನಿ. ಇವಕ್ಕೆ "ಆಗ್ತದೆ ಸರ್" ಅನ್ನೋ ಉತ್ತರ ಹೊಂದುವುದಿಲ್ಲ.

ಕ್ಯಾಲೆಂಡರ್ ನೋಡಿದರೇ ಕಾಣುವ ಹಳದಿಗಳನ್ನು ನೀವೇ ಮೊದಲು ಹಾಕಿಬಿಡಿ. ಪುಣೆಯಲ್ಲಿ ಗಣಪತಿಯ ಹತ್ತು ದಿನ, ಅದರಲ್ಲೂ ವಿಸರ್ಜನೆಯ ದಿನ, ಊರೊಳಗಿಂದ ಆಫೀಸಿಗೆ ಬರೋದೇ ಕಷ್ಟ. ಆ ವಾರಕ್ಕೆ ರಿಲೀಸ್, ಅಂದರೆ ಹೊಸ ಆವೃತ್ತಿ ಗ್ರಾಹಕರಿಗೆ ಬಿಡೋದು, ಇಟ್ಟುಕೊಂಡು ಹಸಿರು ಬಳಿಯೋದರಲ್ಲಿ ಅರ್ಥ ಇಲ್ಲ.

ಹಂತ 3: ಒಂದು ಕೆಲಸ, ಒಂದೇ ಹೆಸರು

ಮೇರಿ ಬಾರಾ ಇಂಜಿನಿಯರ್. ಜನರಲ್ ಮೋಟಾರ್ಸ್‌ನಲ್ಲೇ ಬೆಳೆದು ಜನವರಿ 2014ರಲ್ಲಿ ಅದರ ಮುಖ್ಯಸ್ಥರಾದರು. ಪುಣೆಯವರಿಗೆ ಆ ಕಂಪನಿ ಹೊಸದೇನಲ್ಲ, ತಳೇಗಾಂವ್‌ನಲ್ಲಿ ಅದರ ಕಾರ್ಖಾನೆ ಇತ್ತು, ಈಗ ಹ್ಯುಂಡೈ ಕೈಯಲ್ಲಿದೆ. ಬಾರಾ ಕುರ್ಚಿಯಲ್ಲಿ ಕೂತ ಕೆಲವೇ ವಾರಗಳಲ್ಲಿ ಇಗ್ನಿಷನ್ ಸ್ವಿಚ್ ಹಗರಣ ಹೊರಬಂತು. ಕೀಲಿ ತಾನಾಗೇ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. ಕಂಪನಿಯೊಳಗೆ ಕೆಲವರಿಗೆ ಇದು ಹತ್ತು ವರ್ಷಕ್ಕೂ ಹಿಂದಿನಿಂದ ಗೊತ್ತಿತ್ತು. ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು, ಕಂಪನಿ ತೆರೆದ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು.

ಕಂಪನಿಯೇ ನೇಮಿಸಿದ ವಕೀಲರ ತನಿಖೆಯಲ್ಲಿ ಒಂದು ಮಾತು ಬರುತ್ತದೆ. ಅಲ್ಲಿಯವರೇ "ಜಿಎಂ ತಲೆಯಾಡಿಕೆ" ಅಂತ ಕರೆಯುತ್ತಿದ್ದರಂತೆ. ಮೀಟಿಂಗ್‌ನಲ್ಲಿ ಹೌದು ಇದು ಮಾಡಬೇಕು ಅಂತ ಎಲ್ಲರೂ ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ, ಯಾರೂ ಮಾಡುವುದಿಲ್ಲ. ಇದು ನಿಮ್ಮ ಆಫೀಸಿನಲ್ಲೂ ನಡೆಯುತ್ತದೆ, ಅಲ್ವಾ? ಬಾರಾ ಹದಿನೈದು ಜನರನ್ನು ಕೆಲಸದಿಂದ ತೆಗೆದರು, ಜೊತೆಗೆ ಸುರಕ್ಷತೆಯ ತೊಂದರೆ ಕಂಡವರು ಯಾರೇ ಆಗಲಿ ನೇರವಾಗಿ ಹೇಳುವುದಕ್ಕೆ ಒಂದು ವ್ಯವಸ್ಥೆ ತಂದರು.

ಆಪಲ್‌ನವರ ಪದ್ಧತಿ ಇದಕ್ಕೆ ಒಳ್ಳೆಯ ಮದ್ದು. ಅಲ್ಲಿ ಪ್ರತಿ ಕೆಲಸದ ಎದುರು ಒಬ್ಬರ ಹೆಸರು ಇರುತ್ತದೆ, ಡಿಆರ್‌ಐ ಅನ್ನುತ್ತಾರೆ, ಆ ಕೆಲಸಕ್ಕೆ ನೇರವಾಗಿ ಜವಾಬ್ದಾರರಾದ ಒಬ್ಬ ವ್ಯಕ್ತಿ. ಮೀಟಿಂಗಿನ ಕೊನೆಯ ಐದು ನಿಮಿಷ ಇದಕ್ಕೇ ಇಡಿ. ಕೆಲಸ, ಹೆಸರು, ದಿನಾಂಕ. "ಟೀಮ್ ನೋಡುತ್ತೆ" ಅಂತ ಬರೆಯಬೇಡಿ. ಎರಡು ಹೆಸರನ್ನೂ ಬರೆಯಬೇಡಿ, ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತಾರೆ. ಯಾರ ಹೆಸರು ಬರೆದಿದ್ದೀರೋ ಅವರು ಆ ಕೋಣೆಯಲ್ಲೇ ಹೂಂ ಅಂದಿರಬೇಕು. ರಜೆಯಲ್ಲಿರುವವರ ತಲೆಗೆ ಕಟ್ಟುವುದು ಸರಿಯಲ್ಲ.

ಹಂತ 4: ಮೀಟಿಂಗಿನಲ್ಲಿ ಮೊದಲು ಓದಿ, ಆಮೇಲೆ ಮಾತಾಡಿ

ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆಸಿದರು. ಅದರ ಬದಲು ಆರು ಪುಟದ ಟಿಪ್ಪಣಿ. ಸಭೆ ಶುರುವಾದ ಮೇಲೆ ಎಲ್ಲರೂ ಮೊದಲು ಅದನ್ನು ಮೌನವಾಗಿ ಓದುತ್ತಾರೆ. ನಿಮ್ಮ ಎಂಟು ಜನರ ಟೀಮಿಗೆ ಆರು ಪುಟ ಬೇಡ, ಒಂದು ಪುಟ ಸಾಕು: ಸಮಸ್ಯೆ ಏನು, ದಾರಿಗಳು ಯಾವುವು, ನಾನು ಯಾವುದನ್ನು ಹೇಳುತ್ತೇನೆ, ಯಾಕೆ.

ನನಗೆ ಈ ಪದ್ಧತಿ ಇಷ್ಟವಾಗೋದಕ್ಕೆ ಬೇರೆಯೇ ಕಾರಣ ಇದೆ. ನಮ್ಮ ಟೀಮುಗಳಲ್ಲಿ ಕನ್ನಡ ಮಾಧ್ಯಮ, ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರು ತುಂಬ ಜನ. ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡುವವರ ನಡುವೆ ಇವರು ಬಾಯಿ ಬಿಡುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಬರೆದು ತನ್ನಿ ಅಂದಾಗ ಇವರು ಟೈಮ್ ತಗೊಂಡು ಬರೆಯುತ್ತಾರೆ, ವಿಷಯ ಗಟ್ಟಿಯಾಗಿ ಬರುತ್ತದೆ. ಎಷ್ಟೋ ಟೀಮುಗಳಲ್ಲಿ ಎಲ್ಲಿ ಒಡೆಯುತ್ತದೆ ಅಂತ ಮೊದಲು ಗೊತ್ತಾಗೋದು ಇಂಥವರಿಗೇ.

ಸಿಂಗಾಪುರದ ಡಿಬಿಎಸ್ ಬ್ಯಾಂಕಿನಿಂದ ಒಂದು ಸಣ್ಣ ಉಪಾಯ ತಗೊಳ್ಳಿ. ಅಲ್ಲಿ ಪ್ರತಿ ಮೀಟಿಂಗಿಗೂ ನಡೆಸುವವರು ಒಬ್ಬರು, ಗಮನಿಸುವವರು ಇನ್ನೊಬ್ಬರು. ಗಮನಿಸಿದವರು ಕೊನೆಗೆ ಎಲ್ಲರ ಎದುರೇ ಹೇಳಬೇಕು, ಎಲ್ಲರಿಗೂ ಮಾತಾಡೋಕೆ ಸಿಕ್ಕಿತಾ, ಟೈಮ್ ವ್ಯರ್ಥ ಆಯಿತಾ ಅಂತ. ಈ ಕೆಲಸವನ್ನು ಟೀಮಿನ ಅತಿ ಕಿರಿಯರಿಗೆ ಕೊಡಿ.

ಹಂತ 5: ಯಾವ ನಿರ್ಧಾರಕ್ಕೆ ಎಷ್ಟು ಹೊತ್ತು

ಇದು ಚಿಕ್ಕದು. ಬೆಜೋಸ್ ನಿರ್ಧಾರಗಳನ್ನು ಎರಡು ಥರದ ಬಾಗಿಲುಗಳಾಗಿ ನೋಡುತ್ತಾರೆ. ಕೆಲವಕ್ಕೆ ಹೋದ ದಾರಿಯಲ್ಲೇ ವಾಪಸ್ ಬರಬಹುದು, ಕೆಲವಕ್ಕೆ ಆಗುವುದಿಲ್ಲ. ಹೊಸ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಒಂದು ಸಣ್ಣ ಜಾಗದಲ್ಲಿ ಬಳಸಿ ನೋಡೋದು ಮೊದಲನೇ ಥರ, ಅದನ್ನು ಟೀಮಿನವರೇ ನಿರ್ಧರಿಸಲಿ, ನಿಮ್ಮ ಸಹಿ ಬೇಡ. ಗ್ರಾಹಕರ ಡೇಟಾ ಬೇರೆ ಕಡೆ ಸಾಗಿಸೋದು, ಒಬ್ಬರನ್ನು ಕೆಲಸಕ್ಕೆ ತಗೊಳ್ಳೋದು ಎರಡನೇ ಥರ, ಅದರ ಮೇಲೆ ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ.

ತಾನೇ ಶುರು ಮಾಡಿದ ಕೆಲಸ ನಿಲ್ಲಿಸೋಕೆ ಯಾರಿಗೂ ಮನಸ್ಸು ಬರುವುದಿಲ್ಲ. 1985ರಲ್ಲಿ ಇಂಟೆಲ್ ತನ್ನ ಮೂಲ ವ್ಯಾಪಾರವಾದ ಮೆಮೊರಿ ಚಿಪ್‌ನಲ್ಲಿ ಜಪಾನಿನವರ ಎದುರು ಸೋಲುತ್ತಿತ್ತು. ಆಗ ಗ್ರೋವ್ ತಮ್ಮ ಜೊತೆಗಾರ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ತೆಗೆದು ಹೊಸಬರನ್ನು ಕೂರಿಸಿದರೆ ಅವರು ಏನು ಮಾಡುತ್ತಾರೆ? ಮೆಮೊರಿ ಬಿಡುತ್ತಾರೆ ಅಂದರು ಮೂರ್. ಹಾಗಾದರೆ ನಾವೇ ಯಾಕೆ ಮಾಡಬಾರದು ಅಂತ ಇಬ್ಬರೂ ಅದನ್ನು ಬಿಟ್ಟು ಪ್ರೊಸೆಸರ್ ಕಡೆ ತಿರುಗಿದರು. ತಿಂಗಳಿಗೊಮ್ಮೆ ನಿಮ್ಮ ಕೆಲಸಗಳ ಪಟ್ಟಿ ತೆಗೆದು ಇದೇ ಪ್ರಶ್ನೆ ಕೇಳಿಕೊಳ್ಳಿ. ನಾಳೆ ಬರುವ ಹೊಸ ಲೀಡ್ ಇದರಲ್ಲಿ ಯಾವುದನ್ನು ಮೊದಲು ಹೊಡೆದು ಹಾಕುತ್ತಾರೆ?

ಹಂತ 6: ಒಡೆದಾಗ ಏನು ಮಾಡಬೇಕು

ಒಂದಲ್ಲ ಒಂದು ದಿನ ಪ್ರೊಡಕ್ಷನ್ ಬೀಳುತ್ತದೆ. ಪ್ರೊಡಕ್ಷನ್ ಅಂದರೆ ಗ್ರಾಹಕರು ನಿಜವಾಗಿ ಬಳಸುತ್ತಿರುವ ವ್ಯವಸ್ಥೆ. ಅದಕ್ಕೆ ಮೊದಲೇ ಈ ಹಂತ ಓದಿಟ್ಟುಕೊಳ್ಳಿ.

31 ಜನವರಿ 2017ರ ರಾತ್ರಿ, ಸಾಫ್ಟ್‌ವೇರ್‌ನವರು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಇಂಜಿನಿಯರ್ ಡೇಟಾಬೇಸ್ ತೊಂದರೆಯೊಂದನ್ನು ಸರಿ ಮಾಡುತ್ತಿದ್ದರು. ಡೇಟಾದ ನಕಲು ಇಡುವ ಎರಡನೇ ಸರ್ವರ್ ಮೇಲಿದ್ದೇನೆ ಅಂದುಕೊಂಡು ಮುಖ್ಯ ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಕ್ಷಣ ಗೊತ್ತಾಗಿ ನಿಲ್ಲಿಸಿದರು, ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ತೆಗೆಯೋಕೆ ಹೋದರೆ ಒಂದೂ ಸರಿಯಾಗಿ ಸಿಗಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಅನ್ನೋ ಎಚ್ಚರಿಕೆ ಈಮೇಲ್‌ಗಳು ಹೋಗುತ್ತಿದ್ದವು, ಆದರೆ ಸೆಟ್ಟಿಂಗ್ ಸರಿಯಿಲ್ಲದೆ ಅವು ತಿರಸ್ಕಾರವಾಗುತ್ತಿದ್ದವು, ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಅಂತ ತೆಗೆದಿಟ್ಟಿದ್ದ ಒಂದು ಪ್ರತಿ ಕೈ ಹಿಡಿಯಿತು. ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ದುರಸ್ತಿ ನಡೆಯುತ್ತಿರುವಾಗಲೇ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟಿತು, ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಆ ಇಂಜಿನಿಯರ್ ಕೆಲಸ ಹೋಗಲಿಲ್ಲ.

ಆಜ್ಞೆ ಕೊಟ್ಟವರನ್ನು ಬೈದು ಕಳಿಸಿದ್ದರೆ ಆ ಈಮೇಲ್ ಸಂಗತಿ ಹೊರಗೆ ಬರುತ್ತಿತ್ತಾ ಅಂತ ಯೋಚಿಸಿ. ಕೈಯಿಂದ ತಯಾರಿಸಿದ ವಸ್ತುಗಳನ್ನು ಮಾರುವ ಜಾಲತಾಣ ನಡೆಸುವ ಎಟ್ಸಿ ಕಂಪನಿಯಲ್ಲಿ ಜಾನ್ ಆಲ್‌ಸ್ಪಾ ತಂದ ಪದ್ಧತಿಯೂ ಇದೇ ಕಾರಣಕ್ಕೆ ಹೆಸರಾಯಿತು: ದೋಷಾರೋಪ ಇಲ್ಲದ ಪೋಸ್ಟ್‌ಮಾರ್ಟಮ್. ಐಟಿಯಲ್ಲಿ ಪೋಸ್ಟ್‌ಮಾರ್ಟಮ್ ಅಂದರೆ ಅವಘಡ ಮುಗಿದ ಮೇಲೆ ಏನಾಯಿತು ಅಂತ ಕೂತು ನೋಡುವ ಸಭೆ.

ನಡೆಸೋದು ಹೀಗೆ. ಮೊದಲು ವ್ಯವಸ್ಥೆ ಎದ್ದು ನಿಲ್ಲಲಿ, ರೋಲ್‌ಬ್ಯಾಕ್ ಮಾಡಿ, ಅಂದರೆ ಹಿಂದಿನ ಸರಿಯಾದ ಆವೃತ್ತಿಗೆ ವಾಪಸ್ ಹೋಗಿ. ಕಾರಣ ಹುಡುಕೋದು ಆಮೇಲೆ. ಒಂದೆರಡು ದಿನದೊಳಗೆ ಸಭೆ ಕರೆಯಿರಿ, ತಡವಾದರೆ ನೆನಪು ಬದಲಾಗುತ್ತದೆ. ಗಂಟೆ ನಿಮಿಷದ ಲೆಕ್ಕದಲ್ಲಿ ಏನೇನಾಯಿತು ಅಂತ ಬೋರ್ಡ್ ಮೇಲೆ ಬರೆಯಿರಿ. "ಯಾಕೆ ಹಾಗೆ ಮಾಡಿದಿರಿ" ಅಂದರೆ ಜನ ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ. "ಆಗ ನಿಮ್ಮ ಸ್ಕ್ರೀನ್ ಮೇಲೆ ಏನು ಕಾಣ್ತಿತ್ತು" ಅಂದರೆ ನಡೆದದ್ದು ಹೇಳುತ್ತಾರೆ. ಕೊನೆಗೆ ಎರಡೋ ಮೂರೋ ಕೆಲಸ ಬರೆದು, ಹಂತ 3ರ ಹಾಗೆ ಹೆಸರು ಮತ್ತು ದಿನಾಂಕ ಹಾಕಿ. ಹದಿನೈದು ಕೆಲಸ ಬರೆದರೆ ಒಂದೂ ಆಗುವುದಿಲ್ಲ.

ಒಂದು ತಪ್ಪು ತಿಳುವಳಿಕೆ ಇಲ್ಲಿ ಬರುತ್ತದೆ. ದೋಷಾರೋಪ ಇಲ್ಲ ಅಂದರೆ ಏನು ಮಾಡಿದರೂ ನಡೆಯುತ್ತದೆ ಅಂತ ಅರ್ಥ ಅಲ್ಲ. ತಪ್ಪಾದದ್ದನ್ನು ಹೇಳಿದವರಿಗೆ ರಕ್ಷಣೆ, ಗೊತ್ತಿದ್ದೂ ಮುಚ್ಚಿಟ್ಟವರಿಗೆ ಇಲ್ಲ. ಇದನ್ನು ಏನೂ ಒಡೆಯದ ದಿನವೇ ಟೀಮಿಗೆ ಹೇಳಿಡಿ.

ಹೊರಗಿನವರ ಎದುರು ಮಾತ್ರ ಹೆಸರು ನಿಮ್ಮದೇ ಇರಲಿ. ಮುಂಬೈ, ಗೋವಾದಿಂದ ಉಡುಪಿ, ಕುಂದಾಪುರಕ್ಕೆ ಹೋಗುವ ನಾವೆಲ್ಲ ಇ. ಶ್ರೀಧರನ್ ಕಟ್ಟಿದ ಕೊಂಕಣ ರೈಲಿನಲ್ಲೇ ಓಡಾಡುತ್ತೇವೆ. ಅವರು ದೆಹಲಿ ಮೆಟ್ರೋ ನಡೆಸುತ್ತಿದ್ದಾಗ, 12 ಜುಲೈ 2009ರಂದು ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಜನ ಸತ್ತರು. ಶ್ರೀಧರನ್ ನೈತಿಕ ಹೊಣೆ ಹೊತ್ತು ಅದೇ ದಿನ ರಾಜೀನಾಮೆ ಕೊಟ್ಟರು. ಸರ್ಕಾರ ಒಪ್ಪಲಿಲ್ಲ, ಕೆಲಸ ಮುಂದುವರಿಸಿದರು. ಗುತ್ತಿಗೆದಾರನ ಮೇಲೆ ಹಾಕಿ ಕೂರಬಹುದಿತ್ತು.

ತಡ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 1994ರಲ್ಲಿ ಪೆಂಟಿಯಮ್ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆ ಅಂತ ಒಬ್ಬ ಗಣಿತದ ಪ್ರಾಧ್ಯಾಪಕರು ಕಂಡುಹಿಡಿದರು. ಸಾಮಾನ್ಯರಿಗೆ ಇದರಿಂದ ತೊಂದರೆ ಇಲ್ಲ, ನಿಜವಾಗಿ ಬೇಕಾದವರಿಗೆ ಮಾತ್ರ ಬದಲಿಸಿ ಕೊಡುತ್ತೇವೆ ಅಂತ ಇಂಟೆಲ್ ಮೊದಲು ವಾದ ಮಾಡಿತು. ಲೆಕ್ಕದ ಪ್ರಕಾರ ಅದು ತೀರಾ ತಪ್ಪೂ ಆಗಿರಲಿಲ್ಲ. ಜನ ಸಿಟ್ಟಾದರು, ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಬದಲಿಸಿ ಕೊಡಬೇಕಾಯಿತು, ಖರ್ಚು 475 ಮಿಲಿಯನ್ ಡಾಲರ್. ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ ಇದಕ್ಕೆ ತದ್ವಿರುದ್ಧ ಮಾಡಿದರು. 2014ರಲ್ಲಿ ಒಂದು ಸಭೆಯಲ್ಲಿ, ಹೆಣ್ಣುಮಕ್ಕಳು ಸಂಬಳ ಜಾಸ್ತಿ ಕೇಳುವ ಬದಲು ವ್ಯವಸ್ಥೆಯನ್ನು ನಂಬಬೇಕು ಅನ್ನೋ ಅರ್ಥದ ಮಾತಾಡಿ ಟೀಕೆಗೆ ಗುರಿಯಾದರು. ಅದೇ ದಿನ ಮೈಕ್ರೋಸಾಫ್ಟ್‌ನ ಎಲ್ಲರಿಗೂ ಪತ್ರ ಬರೆದು, ನಾನು ಕೊಟ್ಟ ಉತ್ತರ ಪೂರ್ತಿ ತಪ್ಪು ಅಂತ ಒಪ್ಪಿಕೊಂಡರು.

ಹಂತ 7: ಮೇಲಿನವರಿಗೆ, ಗ್ರಾಹಕರಿಗೆ ಕಾಣುವ ಹಾಗೆ ಹೇಳಿ

ಅಮೆರಿಕ ನೌಕಾಪಡೆಯಲ್ಲಿದ್ದ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಅವರನ್ನು, ಉಪಗ್ರಹದಿಂದ ಸಂದೇಶ ಬರೋಕೆ ಯಾಕೆ ಇಷ್ಟು ಹೊತ್ತು ಅಂತ ಅಧಿಕಾರಿಗಳು ಕೇಳುತ್ತಿದ್ದರು. ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡು ಕೈಗೆ ಕೊಡುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಬೆಳಕು ಹೋಗೋದು ಇಷ್ಟೇ ದೂರ, ಇಲ್ಲಿಂದ ಉಪಗ್ರಹದವರೆಗೆ ಇಂಥ ತುಂಡು ಎಷ್ಟು ಬೇಕು ಲೆಕ್ಕ ಹಾಕಿ ಅನ್ನುತ್ತಿದ್ದರು.

ನೀವೂ "ಟೆಕ್ನಿಕಲ್ ಡೆಟ್ ಜಾಸ್ತಿ ಆಗಿದೆ" ಅಂತ ಮ್ಯಾನೇಜರ್‌ಗೆ ಹೇಳಿ ಬರಬೇಡಿ. ಅವಸರಕ್ಕೆ ಮಾಡಿಬಿಟ್ಟ ಅಡ್ಡದಾರಿಯ ಕೆಲಸ, ಮುಂದೆ ತೀರಿಸಲೇಬೇಕಾದ್ದು, ಅದಕ್ಕೆ ಆ ಹೆಸರು. ಅದರ ಬದಲು, "ಹೋದ ವರ್ಷ ಇಂಥ ಬದಲಾವಣೆಗೆ ಎರಡು ದಿನ ಸಾಕಿತ್ತು, ಈಗ ಒಂದು ವಾರ ಬೇಕು, ಇಲ್ನೋಡಿ ಎರಡೂ ಟಿಕೆಟ್" ಅಂತ ತೋರಿಸಿ.

ಕೆಂಪು ಸುದ್ದಿ ಮೇಲೆ ಕಳಿಸುವಾಗ ಮೊದಲು ಫೋನ್ ಮಾಡಿ, ಆಮೇಲೆ ಮೇಲ್. ಮೇಲ್‌ನಲ್ಲಿ ಮೂರು ಸಾಲು ಇರಲಿ: ಏನಾಗಿದೆ, ನಾವು ಏನು ಮಾಡುತ್ತಿದ್ದೇವೆ, ನಿಮ್ಮಿಂದ ಏನು ಬೇಕು. ಮೂರನೇ ಸಾಲು ಇಲ್ಲದ ಮೇಲ್ ಬರೀ ದೂರು ಆಗುತ್ತದೆ. ಮೇಲಿನವರು ಕೂಗಾಡಿದರೂ ಅದನ್ನು ಕೆಳಗೆ ಇಳಿಸಬೇಡಿ. ಮುಲಾಲಿಗೆ ಚಪ್ಪಾಳೆ ತಟ್ಟುವ ಅಧಿಕಾರ ಇತ್ತು, ನಿಮ್ಮ ಮೇಲೆ ಇನ್ನೂ ನಾಲ್ಕು ಜನ ಇದ್ದಾರೆ, ಇದು ಗೊತ್ತಿರಲಿ. ನಿಮ್ಮ ಎಂಟು ಜನರ ಕೋಣೆಯ ಮಟ್ಟಿಗೆ ಆ ಅಧಿಕಾರ ನಿಮಗೂ ಇದೆ.

ಯಾವುದನ್ನು ತಗೋಬಾರದು

ಬೆಲ್ ಕರ್ವ್. ಟೀಮಿನಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕು ಅಂತ ಮೊದಲೇ ಗೆರೆ ಎಳೆಯುವ ಪದ್ಧತಿ. ಮೈಕ್ರೋಸಾಫ್ಟ್‌ನಲ್ಲಿ ವರ್ಷಗಟ್ಟಲೆ ಇಂಥದ್ದು ಇತ್ತು, 2013ರಲ್ಲಿ ಕೈಬಿಟ್ಟರು. ಪಕ್ಕದವರು ಮೇಲೆ ಹೋದರೆ ನಾನು ಕೆಳಗೆ ಅನ್ನೋ ಕಡೆ ಯಾರೂ ತಮ್ಮ ಕೆಂಪು ತೋರಿಸುವುದಿಲ್ಲ, ಇನ್ನೊಬ್ಬರ ಕೆಂಪಿಗೆ ಕೈ ಹಾಕುವುದೂ ಇಲ್ಲ. ನಿಮ್ಮ ಕಂಪನಿಯಲ್ಲಿ ಇದ್ದರೆ ಅದನ್ನು ತೆಗೆಯೋದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರೋದು ನೋಟ್‌ಬುಕ್. ಪ್ರತಿ ಶುಕ್ರವಾರ ಒಬ್ಬೊಬ್ಬರ ಬಗ್ಗೆ ಎರಡು ಸಾಲು ಬರೆದಿಡಿ, ತೊಂದರೆ ಬೇಗ ಹೇಳಿದ್ದು, ಬೇರೆಯವರಿಗೆ ಸಹಾಯ ಮಾಡಿದ್ದು ಎಲ್ಲ ಬರಲಿ. ಅಪ್ರೈಸಲ್ ಕೋಣೆಯಲ್ಲಿ ಉಳಿದ ಲೀಡ್‌ಗಳು ಕೊನೆಯ ಎರಡು ತಿಂಗಳ ನೆನಪಿನ ಮೇಲೆ ವಾದ ಮಾಡುವಾಗ ನಿಮ್ಮ ಹತ್ತಿರ ಇಡೀ ವರ್ಷ ಇರುತ್ತದೆ.

ಕೆಲಸ ಮಾಡುತ್ತಿದೆಯಾ ಅಂತ ನೋಡೋದು ಹೇಗೆ

ಮೊದಲ ತಿಂಗಳು ಹಂತ 1 ಮತ್ತು 2, ಎರಡನೇ ತಿಂಗಳು 3 ಮತ್ತು 4, ಉಳಿದವು ಮೂರನೇ ತಿಂಗಳು. ಹಂತ 6 ಮಾತ್ರ ಅವಘಡ ಬಂದಾಗ ತಾನೇ ಬರುತ್ತದೆ. ಮೂರು ತಿಂಗಳಾದ ಮೇಲೆ ಆ ಎಕ್ಸೆಲ್ ಹಾಳೆ ತೆಗೆಯಿರಿ. ಪ್ರತಿ ಕೆಂಪಿನ ಎದುರು, ಅದು ಕೆಂಪಾದ ದಿನಕ್ಕೂ ಕೆಲಸ ಮುಗಿಯಬೇಕಿದ್ದ ದಿನಕ್ಕೂ ನಡುವೆ ಎಷ್ಟು ದಿನ ಇತ್ತು ಅಂತ ಬರೆಯಿರಿ. ಮೊದಲ ತಿಂಗಳಲ್ಲಿ ಒಂದೋ ಎರಡೋ ದಿನ ಇದ್ದದ್ದು ಈಗ ಒಂದು ವಾರ, ಹತ್ತು ದಿನ ಆಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಕೆಂಪುಗಳ ಸಂಖ್ಯೆ ಜಾಸ್ತಿ ಆಗಿದ್ದರೆ ಹೆದರಬೇಡಿ. ಹಾಳೆಯಲ್ಲಿ ಕೆಂಪೇ ಇಲ್ಲದಿದ್ದರೆ ಹಂತ 1ರ ಭೇಟಿಗಳನ್ನು ಮತ್ತೆ ಶುರುವಿನಿಂದ ಮಾಡಿ, ಮೂರನೇ ಪ್ರಶ್ನೆಯನ್ನು ಮೊದಲು ಕೇಳಿ.